ಎದುರಂಗಡಿಯ ಬದನೆಕಾಯಿ

ಶಿರಸಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷದಿಂದ ತರಕಾರಿ ಮಾರುವ ಕಲ್ಲಯ್ಯನ ಮನೆಯಲ್ಲಿ ಒಂದು ದಿನವೂ ಒಳ್ಳೆಯ ಬದನೆಕಾಯಿ ಬೆಂದಿರಲಿಲ್ಲ. ಎಳೆಯದು, ಹೊಳೆಯುವುದು ಗಿರಾಕಿಗೆ. ಹುಳುಕು ಹಿಡಿದದ್ದು, ಬಾಡಿದ್ದು, ನಾರಾದದ್ದು ಸಂಜೆ ಚೀಲದಲ್ಲಿ ಮನೆಗೆ. ಅದನ್ನೇ ಹೆಚ್ಚಿ, ಕೆಟ್ಟ ಭಾಗ ಕಿತ್ತು, ಉಳಿದದ್ದರಲ್ಲಿ ಪಲ್ಯ ಮಾಡುತ್ತಿದ್ದವಳು ಹೆಂಡತಿ ಕಲ್ಲವ್ವ. ಉಂಡೆದ್ದ ಮೇಲೆ "ಬರೇ ಸೊಪ್ಪು ಪಲ್ಯಾ ಏನ್ ತಿನ್ನೂದು" ಎಂದು ಮುಖ ಸಿಂಡರಿಸುತ್ತಿದ್ದವನು ಕಲ್ಲಯ್ಯ. ಈ ಗಂಡಸಿನ ನಾಲಿಗೆಯ ಮೇಲೆ ಕಲ್ಲವ್ವನಿಗೆ ಮರ್ಯಾದೆ ಹೋಗಿ ಎಷ್ಟೋ ಕಾಲವಾಗಿತ್ತು.

ಈ ಯುಗಾದಿಗೆ ಬೀಗರು ಮೊದಲ ಸಲ ಊಟಕ್ಕೆ ಬರುವವರಿದ್ದರು. ಸೊಸೆ ಶಿಲ್ಪಾ ಹಬ್ಬಕ್ಕೆ ನಾಲ್ಕು ದಿನ ಇರುವಾಗಲೇ ಮೆಲ್ಲಗೆ ಹೇಳಿದ್ದಳು.

"ಅತ್ತಿ, ನಮ್ಮಪ್ಪಗ ಶುಗರ್ ಐತಿ. ಹೋಳಿಗಿ ಮುಟ್ಟಂಗಿಲ್ಲ. ನಾಕು ಪಲ್ಯ, ಒಂದು ಪಚಡಿ ಜಾಸ್ತಿ ಮಾಡಿದ್ರ ಹೊಟ್ಟಿ ತುಂಬ ಉಣ್ತಾರ."

ಕಲ್ಲಯ್ಯ ಕೇಳಿ ನಕ್ಕ. "ಹಬ್ಬದಾಗ ಸೊಪ್ಪು ಹಾಕಿದ್ರ ಬೀಗರಿಗೆ ಮೇವು ಹಾಕಿದಂಗ ಆಕ್ಕತಿ. ಹೋಳಿಗಿ ಮ್ಯಾಲೆ ತುಪ್ಪ ಸುರುವು, ಶುಗರ್ ತಾನ ಓಡತೈತಿ." ಶಿಲ್ಪಾ ತಲೆ ತಗ್ಗಿಸಿ ಒಳಗೆ ಹೋದಳು. ಕಲ್ಲವ್ವನಿಗೆ ಮೈ ಉರಿಯಿತು. ಮಗಳ ಮನೆಗೆ ಬಂದ ಮನುಷ್ಯ ಎಲೆ ಮುಂದೆ ಬರೀ ಅನ್ನ ಸಾರು ಕಲಸಿಕೊಂಡು ಕೂತರೆ ಹೋಗುವುದು ಯಾರ ಮಾನ?

ಹಬ್ಬದ ಹಿಂದಿನ ದಿನ ಕಲ್ಲಯ್ಯ ಮಾಲು ತರಲು ಹಾವೇರಿಗೆ ಹೋದ. ಹೋಗುವ ಮೊದಲು ಹಬ್ಬಕ್ಕೆಂದು ಚೀಲ ಕಳಿಸಿದ್ದ. ಕಲ್ಲವ್ವ ಬಿಚ್ಚಿ ನೋಡಿದಳು. ತೂತು ಬಿದ್ದ ಬದನೆ, ಹಳದಿಯಾದ ಮೆಂತ್ಯ, ಮುರಿದರೂ ಮುರಿಯದ ಬೆಂಡೆ. ಹಬ್ಬಕ್ಕೂ ಅದೇ. ಬೀಗರಿಗೂ ಅದೇ.

ಅವಳು ಸೀರೆ ಬದಲಿಸಿ, ಕೈಚೀಲ ಹಿಡಿದು, ಮಾರುಕಟ್ಟೆಗೆ ನಡೆದಳು. ಗಂಡನ ಅಂಗಡಿಯಲ್ಲಿ ಮಗ ಪವನ್ ಕೂತಿದ್ದ. ಅವನ ಕಡೆ ಬೆನ್ನು ಹಾಕಿ, ಎದುರಿನ ಮುಕ್ತಾರನ ಅಂಗಡಿ ಮುಂದೆ ನಿಂತಳು. ಮುಕ್ತಾರನ ಕೈ ತಕ್ಕಡಿಯ ಮೇಲೆಯೇ ನಿಂತಿತು.

"ಅಕ್ಕಾ, ನೀವು ಇಲ್ಲಿ?"

"ಎಳೇ ಬದನಿಕಾಯಿ ಹಾಕು ಮುಕ್ತಾರಣ್ಣ. ಮೆಂತ್ಯ, ಬೆಂಡಿ, ಸೌತಿ ಎಲ್ಲಾ ಹಾಕು. ಬೀಗರು ಬರಾವರದಾರ."

ಪವನ್ ಕಂಡೂ ಕಾಣದವನಂತೆ ಟೊಮೆಟೊ ಒರೆಸುತ್ತ ಕೂತ. ಅವ್ವನನ್ನು ತಡೆಯುವ ಧೈರ್ಯವಿಲ್ಲ, ಅಪ್ಪನಿಗೆ ಹೇಳುವ ಧೈರ್ಯವೂ ಇಲ್ಲ.

ಮರುದಿನ ಎಲೆಯ ತುಂಬ ಬಣ್ಣ. ಎಣ್ಣೆಗಾಯಿ, ಬೆಂಡೆ ಪಲ್ಯ, ಸೌತೆಕಾಯಿ ಕೋಸಂಬರಿ, ಹಸಿ ಮೆಂತ್ಯದ ಪಚಡಿ. ಶಿಲ್ಪಾಳ ಅಪ್ಪ ಹೋಳಿಗೆಗೆ ಕೈ ಅಡ್ಡ ಹಿಡಿದು, ಎಣ್ಣೆಗಾಯಿಯನ್ನು ಎರಡು ಸಲ ಹಾಕಿಸಿಕೊಂಡ.

"ಬೀಗರ, ಇಂಥಾ ಬದನಿಕಾಯಿ ತಿಂದು ಎಷ್ಟು ದಿನ ಆಗಿತ್ತೋ. ಬಾಯಾಗ ಇಟ್ಟರ ಕರಗತೈತಿ."

ಕಲ್ಲಯ್ಯ ಎದೆ ಉಬ್ಬಿಸಿದ. "ನಮ್ಮ ಅಂಗಡಿ ಮಾಲು ಅಂದ್ರ ಹಂಗ ನೋಡ್ರಿ. ಮನಿಗೆ ಒಳ್ಳೇದನ್ನ ಆರಿಸಿ ಕಳಸ್ತೇನಿ."

ಸುಳ್ಳು ಹೇಳುವಾಗಲೂ ಆ ಬಾಯಿ ಅಗಿಯುವುದನ್ನು ಬಿಡಲಿಲ್ಲ. ಕಲ್ಲವ್ವ ಸೌಟು ಹಿಡಿದು ಅಲ್ಲೇ ನಿಂತಿದ್ದಳು. ದನಿ ಏರಿಸಲಿಲ್ಲ.

"ಇದು ಮುಕ್ತಾರಣ್ಣನ ಅಂಗಡೀದು. ನಾನ ಹೋಗಿ ತಂದೇನಿ. ನೀವು ಕಳಿಸಿದ್ದನ್ನ ಓಣಿ ಆಕಳಿಗೆ ಹಾಕಿದ್ದೆ. ಅದೂ ಮೂಸಿ ನೋಡಿ ಹೋತು."

ಬೀಗರು ಎಲೆಯಲ್ಲೇ ಕಣ್ಣಿಟ್ಟರು. ಶಿಲ್ಪಾ ನೀರು ತರುವ ನೆಪದಲ್ಲಿ ಒಳಗೆ ಓಡಿದಳು. ಕಲ್ಲಯ್ಯನ ಕೈ ಬಾಯಿಗೂ ಎಲೆಗೂ ನಡುವೆ ನಿಂತಿತು.

ಕಲ್ಲವ್ವ ಬಗ್ಗಿ ಅವನ ಎಲೆಗೆ ಇನ್ನೊಂದು ಬದನೆಕಾಯಿ ಹಾಕಿದಳು. ಅವನು ಬೇಡವೆನ್ನಲಿಲ್ಲ. ತೊಟ್ಟಿನ ತನಕ ಚೀಪಿ ತಿಂದ.