ಎಡಗಡೆಯ ಅಂಚು

ಹೂವಿನ ಮ್ಯಾಕ್ಸಿ ಡ್ರೆಸ್ಸು ಕೊಳ್ಳಲು ಬಂದವರಿಗೆ ಅಂಗಡಿಯ ದರ್ಜಿ ಪಿನ್ನಕ್ಕ ಹೇಳುವ ಮಾತುಗಳು ಕೆಲವೇ ಕೆಲವು. ಕುಳ್ಳಗಿದ್ದರೆ ಸಣ್ಣ ಹೂವು ನೋಡಿ. ಹೆಗಲು ಅಗಲವಾಗಿದ್ದರೆ ತೋಳಿಗೆ ನೆರಿಗೆ ಬೇಡ. ಬಟ್ಟೆಯಲ್ಲೇ ಅಷ್ಟು ಹೂವಿರುವಾಗ ಕೊರಳಿಗೆ ಏನೂ ಹಾಕಬೇಡಿ, ಕಿವಿಗೆ ಮಾತ್ರ ಸಾಕು. ಕೊನೆಗೆ, ಅಂಚು ಗುರುತು ಮಾಡಲು ನೆಲದ ಮೇಲೆ ಮಂಡಿಯೂರುವಾಗ ಒಂದು ಪ್ರಶ್ನೆ: ಇದನ್ನು ಹಾಕುವ ದಿನ ಕಾಲಿಗೆ ಏನು ಹಾಕಿಕೊಳ್ಳುತ್ತೀರಿ? ಇಪ್ಪತ್ತೆರಡು ವರ್ಷಗಳಲ್ಲಿ ಈ ಪ್ರಶ್ನೆಯನ್ನು ಅವಳು ಕೇಳದೆ ಬಿಟ್ಟದ್ದು ಒಂದೇ ಒಂದು ಸಲ.

ಅವಳ ತುಟಿಗಳ ನಡುವೆ ಯಾವಾಗಲೂ ನಾಲ್ಕೈದು ಗುಂಡುಪಿನ್ನು ಇರುತ್ತಿದ್ದುದರಿಂದ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಪಿನ್ನಕ್ಕ ಎಂದೇ ಕರೆಯುತ್ತಿದ್ದರು. ಡ್ರೆಸ್ಸು ತೋರಿಸಿ ಮಾರುವ ಹುಡುಗಿ ಮಾತಿನಮಲ್ಲಿ. ಒಬ್ಬಳ ಬಾಯಿ ಮುಚ್ಚಿದ್ದರೆ ಇನ್ನೊಬ್ಬಳದು ತೆರೆದಿರುತ್ತಿತ್ತು, ಹಾಗಾಗಿ ವ್ಯಾಪಾರ ಸರಿಯಾಗಿಯೇ ನಡೆದಿತ್ತು.

ಆ ಮಂಗಳವಾರ ಮಧ್ಯಾಹ್ನ ಬಂದ ಹೆಂಗಸಿಗೆ ಐವತ್ತರ ಮೇಲೆ ವಯಸ್ಸು. ನೆಟ್ಟಗೆ ಬಾಚಿದ ನರೆಗೂದಲು, ಮೂಗಿನ ತುದಿಯಲ್ಲಿ ಕನ್ನಡಕ. ಬಸ್ ಡಿಪೋದಲ್ಲಿ, ಪ್ರಯಾಣಿಕರು ಮರೆತುಹೋದ ಸಾಮಾನುಗಳನ್ನು ಕಾಯ್ದಿಟ್ಟು ವಾಪಸು ಕೊಡುವ ಕೌಂಟರಿನಲ್ಲಿ ತನಗೆ ಕೆಲಸ ಎಂದಳು. ಮೂವತ್ತು ವರ್ಷ ಆಯಿತಂತೆ. ಬರುವ ವಾರದ ಶನಿವಾರ ಸನ್ಮಾನವಂತೆ, ವೇದಿಕೆ ಹತ್ತಬೇಕಂತೆ.

"ಉದ್ದದ್ದು ಬೇಕು. ನೆಲ ಮುಟ್ಬೇಕು. ಪಾದ ಕಾಣ್ಬಾರ್ದು."

"ಈಗ ಪಾದ ಕಾಣೋದೇ ಫ್ಯಾಷನ್ನು ಮೇಡಂ. ಒಂದು ಒಳ್ಳೆ ಚಪ್ಪಲಿ ಹಾಕ್ಕೊಂಡ್ರೆ..." ಎಂದು ಮಾತಿನಮಲ್ಲಿ ಶುರು ಮಾಡಿದಳು.

"ನನಗೆ ಬೇಡ," ಎಂದಳು ಹೆಂಗಸು. ಮಾತಿನಮಲ್ಲಿಯೂ ಸುಮ್ಮನಾಗುವಂಥ ದನಿ ಅದು.

ಹದಿನಾಲ್ಕು ಡ್ರೆಸ್ಸುಗಳು ಬಂದವು, ಹೋದವು. ಬಿಳಿಯ ಮೇಲೆ ನೀಲಿ ಹೂವು ಮೇಜುಬಟ್ಟೆಯ ಹಾಗಿದೆ ಎಂದಳು. ಕಪ್ಪಿನ ಮೇಲೆ ಕೆಂಪು ಹೂವನ್ನು ತೋರಿಸಿದಾಗ, "ಇದನ್ನ ಹಾಕ್ಕೊಂಡ್ರೆ ನಮ್ಮ ಮ್ಯಾನೇಜರು ನನ್ನನ್ನೇ ಕಳೆದುಹೋದ ಸಾಮಾನು ಅಂತ ಚೀಟಿ ಅಂಟಿಸ್ತಾರೆ," ಎಂದು ತಾನೇ ನಕ್ಕಳು. ಕೊನೆಗೆ ಎಲೆಹಸಿರು ಜಾರ್ಜೆಟ್ಟಿನ ಮೇಲೆ ಕೆನೆಬಣ್ಣದ ಪುಟ್ಟ ಹೂವುಗಳಿದ್ದ ಒಂದನ್ನು ಪಿನ್ನಕ್ಕ ತಾನೇ ಎದ್ದು ತಂದುಕೊಟ್ಟಳು. ಹೆಂಗಸು ಅದನ್ನು ಹಾಕಿಕೊಂಡು ಪರದೆ ಸರಿಸಿ ಹೊರಗೆ ಬಂದಾಗ ಮೂವರಿಗೂ ಇದೇ ಎಂದು ಗೊತ್ತಾಯಿತು.

ಬರಿಗಾಲಲ್ಲಿ ಬಂದಿದ್ದಳು. ಬೂಟುಗಳನ್ನು ಬೆಂಚಿನಡಿ ಗೋಡೆಯವರೆಗೂ ತಳ್ಳಿ, ಮುಂದೆ ಕೈಚೀಲ ಇಟ್ಟಿದ್ದಳು. ಕನ್ನಡಿಯ ತನಕ ಆರೇಳು ಹೆಜ್ಜೆ. ಆ ಆರೇಳು ಹೆಜ್ಜೆಯಲ್ಲಿ ಅವಳ ಎಡಹೆಗಲು ಪ್ರತಿ ಸಲವೂ ಒಂದಿಷ್ಟು ಕೆಳಗಿಳಿದು ಮೇಲೆದ್ದಿತು. ಕನ್ನಡಿಯ ಮುಂದೆ ನಿಂತಾಗ ಡ್ರೆಸ್ಸಿನ ಅಂಚು ಎಡಗಡೆ ಜೋತುಬಿದ್ದಿತ್ತು. ಎಡಗಾಲು ಗಿಡ್ಡವಿದೆ, ಒಂದಿಂಚಿನಷ್ಟು. ಪಿನ್ನಕ್ಕನಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ.

ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಪಿನ್ನುಗಳನ್ನು ತೆಗೆದು ಕೇಳಬೇಕಿತ್ತು, ಅಷ್ಟೆ. ಆದರೆ ಹೆಂಗಸು ಕನ್ನಡಿಯಲ್ಲಿ ತನ್ನ ಕಾಲಿನ ಕಡೆ ನೋಡದೆ ಮುಖವನ್ನಷ್ಟೇ ನೋಡಿಕೊಳ್ಳುತ್ತಿದ್ದಳು. ಪಾಪ, ಯಾಕೆ ಮುಜುಗರ ಮಾಡಬೇಕು ಎಂದುಕೊಂಡಳು ಪಿನ್ನಕ್ಕ. ಏನೂ ಕಾಣದವಳ ಹಾಗೆ, ನೆಲದಿಂದ ಅಳತೆಪಟ್ಟಿ ನಿಲ್ಲಿಸಿ ಸುತ್ತಲೂ ಒಂದೇ ಎತ್ತರಕ್ಕೆ ಪಿನ್ನು ಚುಚ್ಚುತ್ತಾ ಹೋದಳು. ಎಡಗಡೆ ಜೋತುಬಿದ್ದಿದ್ದಷ್ಟನ್ನೂ ಹೆಚ್ಚಿಗೆ ಮೇಲೆತ್ತಿದಳು. ಜಾರ್ಜೆಟ್ಟಿಗೆ ದಪ್ಪ ಮಡಿಕೆ ಕೂರುವುದಿಲ್ಲ. ಉಳಿದದ್ದನ್ನು ಕತ್ತರಿಸಿ ತೆಗೆದು, ಅಂಚನ್ನು ನೂಲಿನಷ್ಟು ತೆಳ್ಳಗೆ ಸುತ್ತಿ ಹೊಲಿಯಬೇಕು. ಬುಧವಾರ ಹಾಗೆಯೇ ಕತ್ತರಿಸಿ ಹೊಲಿದಳು. ತನ್ನ ಒಳ್ಳೆಯತನದ ಬಗ್ಗೆ ಅವಳಿಗೆ ಒಳಗೊಳಗೇ ಒಂದು ಸಮಾಧಾನವೂ ಇತ್ತು.

ಶುಕ್ರವಾರ ಹೆಂಗಸು ಬಂದು ಡ್ರೆಸ್ಸು ತೆಗೆದುಕೊಂಡಳು. ಬಸ್ಸಿಗೆ ಹೊತ್ತಾಯಿತೆಂದು ಹಾಕಿ ನೋಡಲಿಲ್ಲ. ಪಿನ್ನಕ್ಕ ಗಾಜಿನ ಬಾಗಿಲಿನ ಪಕ್ಕ ಇನ್ನೊಬ್ಬರ ತೋಳಿನ ಅಳತೆ ಹಿಡಿದು ನಿಂತಿದ್ದಳು. ಹೆಂಗಸು ರಸ್ತೆ ದಾಟುತ್ತಿದ್ದಳು, ಹೆಗಲು ಇಳಿಯದೆ, ನೆಟ್ಟಗೆ. ಎಡಗಾಲಿನ ಕಪ್ಪು ಬೂಟಿನ ಅಟ್ಟೆ ಬಲಗಾಲಿನದರ ಎರಡರಷ್ಟು ದಪ್ಪವಿತ್ತು.

ಪಿನ್ನಕ್ಕನಿಗೆ ಆಗ ತಿಳಿಯಿತು. ಲೆಕ್ಕ ಅಷ್ಟು ಸುಲಭವಿತ್ತು. ಆ ಬೂಟು ಹಾಕಿಕೊಂಡರೆ ಸೊಂಟ ಸಮವಾಗುತ್ತದೆ. ಸೊಂಟ ಸಮವಾದರೆ, ತಾನು ಹೆಚ್ಚಿಗೆ ಕತ್ತರಿಸಿದ ಎಡಗಡೆಯ ಅಂಚು ಮೇಲೇಳುತ್ತದೆ. ಅಟ್ಟೆಯ ದಪ್ಪಕ್ಕೆ ಬಲಗಡೆ ಒಂದಿಂಚು, ಎಡಗಡೆ ಎರಡಿಂಚು. ಯಾವ ಬೂಟನ್ನು ಮುಚ್ಚಲು ಅವಳು ನೆಲ ಮುಟ್ಟುವ ಡ್ರೆಸ್ಸು ಕೊಂಡಳೋ ಆ ಬೂಟನ್ನೇ ಪಿನ್ನಕ್ಕ ಕಿಟಕಿ ತೆರೆದು ತೋರಿಸಿದ್ದಳು. ಅದೂ ವೇದಿಕೆಯ ಮೇಲೆ. ಕೆಳಗೆ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ.

ಓಡಿ ಹೋಗಿ ಕರೆಯಬಹುದಿತ್ತು. ಕೈಯಲ್ಲಿ ಇನ್ನೊಬ್ಬರ ತೋಳಿತ್ತು, ತುಟಿಯಲ್ಲಿ ಪಿನ್ನಿತ್ತು. ಬಸ್ಸು ಹೊರಟುಹೋಯಿತು. ಓಡದೆ ಇದ್ದುದಕ್ಕೆ ಆ ಎರಡೂ ಕಾರಣವಲ್ಲ ಎನ್ನುವುದು ಅವಳಿಗೆ ಆಗಲೇ ಗೊತ್ತಿತ್ತು.

ಶನಿವಾರ, ಭಾನುವಾರ ಅವಳಿಗೆ ಊಟ ಸೇರಲಿಲ್ಲ. ಜೊತೆಯಲ್ಲಿದ್ದ ತಂಗಿ ನೋಡುವಷ್ಟು ನೋಡಿದಳು.

"ಏನೇ ಅಕ್ಕ, ತಟ್ಟೆ ಮುಂದೆ ಧ್ಯಾನ ಮಾಡ್ತಿದ್ದೀಯಾ?"

ಪಿನ್ನಕ್ಕ ಎಲ್ಲವನ್ನೂ ಹೇಳಿದಳು. ತಂಗಿ ಕೈ ತೊಳೆದು ಬಂದು ಕೂತಳು.

"ಎರಡಿಂಚು ತಾನೆ. ಯಾರು ನೋಡ್ತಾರೆ?"

"ನಾನು ನೋಡ್ದೆನಲ್ಲ."

"ನೀನು ದರ್ಜಿ. ನಿನ್ನ ಕಣ್ಣು ಊರಿಗಿಲ್ಲದ ಕಣ್ಣು. ಫೋನ್ ಮಾಡಿ ಹೇಳ್ಬಿಡು, ಹೋಗ್ಲಿ."

"ಏನಂತ ಹೇಳ್ಲಿ? ನಿಮ್ಮ ಕಾಲು ಗಿಡ್ಡ ಅಂತ ಗೊತ್ತಿತ್ತು, ಆದ್ರೂ ಕೇಳ್ಲಿಲ್ಲ ಅಂತಲಾ?"

"ಮತ್ತೆ ಶನಿವಾರದ ತನಕ ಹೀಗೇ ಉಪವಾಸ ಕೂತ್ಕೋ," ಎಂದಳು ತಂಗಿ, ಮತ್ತು ಅಕ್ಕನ ತಟ್ಟೆಯನ್ನೂ ಎತ್ತಿಕೊಂಡು ಹೋದಳು.

ಸೋಮವಾರ ರಸೀದಿ ಪುಸ್ತಕದಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಅದು ಡಿಪೋದ ಕೌಂಟರಿನ ನಂಬರು.

"ಹಲೋ, ಏನು ಕಳ್ಕೊಂಡಿದ್ದೀರಿ?" ಎಂದಿತು ಆ ದನಿ.

ಪಿನ್ನಕ್ಕನ ಬಾಯಲ್ಲಿ ಪಿನ್ನಿರಲಿಲ್ಲ, ಆದರೂ ಮಾತು ಹೊರಡಲಿಲ್ಲ.

"ಹೇಳಿ, ಏನು ಕಳ್ಕೊಂಡಿದ್ದೀರಿ?"

"ಕೊಡೆ," ಎಂದುಬಿಟ್ಟಳು.

"ಯಾವ ಬಣ್ಣ?"

"ಕಪ್ಪು."

"ಕಪ್ಪು ಕೊಡೆ ನನ್ ಹತ್ರ ನಲವತ್ತೊಂದಿದೆ ಕಣಮ್ಮ. ಹಿಡಿ ಹೇಗಿತ್ತು?"

ಪಿನ್ನಕ್ಕ ಫೋನು ಇಟ್ಟಳು. ಆಮೇಲೆ ಇಡೀ ಮಧ್ಯಾಹ್ನ ಅವಳ ಹೊಲಿಗೆ ಅಂಕುಡೊಂಕಾಯಿತು. ಬಿಚ್ಚಿದಳು, ಮತ್ತೆ ಹೊಲಿದಳು. ಮಾಡಿದ್ದು ಒಂದು ತಪ್ಪು, ಅದರ ಮೇಲೆ ಈಗ ಇಲ್ಲದ ಕೊಡೆಯೊಂದು ಬೇರೆ. ಆ ಹೆಂಗಸು ನಲವತ್ತೊಂದು ಕೊಡೆಗಳ ಹಿಡಿಯನ್ನು ನೋಡುತ್ತಾ ಕೂತಿರಬಹುದು.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಡಿಪೋಗೆ ಹೋದಳು. ಟಿಕೆಟ್ ಕಿಟಕಿಗಳನ್ನು ದಾಟಿ, ಎಣ್ಣೆಕಲೆಯ ಓಣಿಯ ಕೊನೆಯಲ್ಲಿ ಆ ಕೌಂಟರು. ಎದೆಮಟ್ಟದ ಮರದ ಹಲಗೆ, ಹಿಂದೆ ಸಾಲು ಸಾಲು ಅಟ್ಟಣಿಗೆ. ಪ್ರತಿ ಚೀಲಕ್ಕೆ, ಪ್ರತಿ ಊಟದ ಡಬ್ಬಿಗೆ ದಾರ ಕಟ್ಟಿ ಚೀಟಿ. ಒಬ್ಬ ಡ್ರೈವರು ಹಲಗೆಗೆ ಒರಗಿ ನಿಂತು, "ಅಕ್ಕಾ, ಶನಿವಾರ ಭಾಷಣ ಉದ್ದ ಮಾಡ್ಬೇಡ, ನಂಗೆ ನಾಲ್ಕರ ಟ್ರಿಪ್ಪಿದೆ," ಎನ್ನುತ್ತಿದ್ದ. "ನೀನು ಬರೋದು ತಿಂಡಿಗೆ ಅಂತ ಗೊತ್ತಿದೆ, ಹೋಗು," ಎಂದಳು ಹೆಂಗಸು. ಅವನು ನಗುತ್ತಾ ಹೋದ. ಮೂವತ್ತು ವರ್ಷದಿಂದ ಈ ಜನಕ್ಕೆಲ್ಲ ಅವಳು ಎದೆಯಿಂದ ಮೇಲಷ್ಟೇ ಗೊತ್ತು ಎಂದು ಪಿನ್ನಕ್ಕನಿಗೆ ಹೊಳೆಯಿತು. ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳೇನೋ.

"ಅರೆ, ಅಂಗಡಿಯವ್ರು. ನೀವೇನು ಕಳ್ಕೊಂಡ್ರಿ?"

"ಸೋಮವಾರ ಫೋನ್ ಮಾಡಿದ್ದು ನಾನೇ. ಕೊಡೆ ಕಳೆದಿಲ್ಲ."

ಹೆಂಗಸು ಕನ್ನಡಕದ ಮೇಲಿಂದ ನೋಡಿದಳು.

"ಡ್ರೆಸ್ಸು ಹಾಕಿ ನೋಡಿದ್ರಾ?" ಎಂದಳು ಪಿನ್ನಕ್ಕ.

"ನೋಡ್ದೆ. ಸರಿಯಾಗಿದೆ. ನೆಲಕ್ಕೆ ಸರೀ ಮುಟ್ಟುತ್ತೆ."

"ಬೂಟು ಹಾಕ್ಕೊಂಡು ನೋಡಿದ್ರಾ?"

ಹೆಂಗಸು ಮುಂದಿದ್ದ ಚೀಟಿಗಳನ್ನು ಜೋಡಿಸಿದಳು, ಮತ್ತೊಮ್ಮೆ ಜೋಡಿಸಿದಳು.

"ಎಡಗಡೆ ಮೇಲೇಳುತ್ತೆ," ಎಂದಳು ಪಿನ್ನಕ್ಕ. "ಎರಡಿಂಚು. ನಾನು ಹೆಚ್ಚಿಗೆ ಕತ್ತರಿಸ್ಬಿಟ್ಟೆ. ನೀವು ನಡೆಯೋದನ್ನ ನೋಡಿದ್ದೆ. ಕಾಲಿಗೆ ಏನು ಹಾಕ್ಕೋತೀರಿ ಅಂತ ಎಲ್ಲರನ್ನೂ ಕೇಳ್ತೀನಿ, ನಿಮ್ಮನ್ನ ಮಾತ್ರ ಕೇಳ್ಲಿಲ್ಲ."

"ಯಾಕೆ?"

"ನಿಮಗೆ ಮುಜುಗರ ಆಗುತ್ತೆ ಅಂತ."

"ನನಗಾ, ನಿಮಗಾ?"

ಹೊರಗೆ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು, ಯಾರೋ ಅದರ ಬೆನ್ನು ತಟ್ಟುತ್ತಿದ್ದರು. ಪಿನ್ನಕ್ಕ ಆ ಸದ್ದು ನಿಲ್ಲುವವರೆಗೆ ಕಾದಳು.

"ನೋಡೀಮ್ಮ," ಎಂದಳು ಹೆಂಗಸು, ದನಿ ಏರಿಸದೆ. "ಅವತ್ತು ನೀವು ಕೇಳ್ದೇ ಇದ್ದಾಗ ನನಗೆ ಖುಷಿಯಾಗಿತ್ತು. ಎಂಥಾ ಒಳ್ಳೆಯವ್ರು, ಗಮನಿಸ್ಲೇ ಇಲ್ಲ ಅಂದ್ಕೊಂಡೆ. ಬಸ್ಸಲ್ಲಿ ಕೂತು ಅದನ್ನೇ ಯೋಚಿಸ್ಕೊಂಡು ಹೋದೆ. ಈಗ ಅದೂ ಇಲ್ಲ."

ಇದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ತಪ್ಪಾಯ್ತು ಎಂದಳು ಪಿನ್ನಕ್ಕ. ಎರಡನೆಯ ಸಲ ಹೇಳಿದಾಗ ಹೆಂಗಸು ಕೈ ಎತ್ತಿ ತಡೆದಳು.

"ಸರಿಮಾಡೋಕೆ ಆಗುತ್ತಾ, ಅದನ್ನ ಹೇಳಿ."

ಗುರುವಾರ ಸಂಜೆ ಅವಳು ಡ್ರೆಸ್ಸು ತಂದಳು. ಬೂಟು ಬಿಚ್ಚಲಿಲ್ಲ, ಹಾಕಿಕೊಂಡೇ ಕನ್ನಡಿಯ ಮುಂದೆ ಬಂದು ನಿಂತಳು. ಮಾತಿನಮಲ್ಲಿ ಒಮ್ಮೆ ನೋಡಿ ಬಾಯಿ ತೆರೆದವಳು, ಪಿನ್ನಕ್ಕನ ಮುಖ ಕಂಡು ಹ್ಯಾಂಗರು ಜೋಡಿಸಲು ಹೋದಳು. ಅಂಚು ನಿಜಕ್ಕೂ ಎಡಗಡೆ ಎತ್ತಿಕೊಂಡಿತ್ತು. ಹಸಿರಿನ ಕೆಳಗೆ ಕಪ್ಪು ಅಟ್ಟೆ ಪೂರ್ತಿ ಕಾಣುತ್ತಿತ್ತು.

ಕೆಳಗೆ ಸೇರಿಸಲು ಬಟ್ಟೆಯಿಲ್ಲ, ಸೇರಿಸಿದರೂ ಜೋಡಣೆ ಎದ್ದು ಕಾಣುತ್ತದೆ. ಪಿನ್ನಕ್ಕ ಅದನ್ನು ಎರಡು ರಾತ್ರಿ ತಲೆಯಲ್ಲೇ ಹೊಲಿದು ನೋಡಿದ್ದಳು. ಸೊಂಟದಲ್ಲಿ ಬಿಚ್ಚುವುದೊಂದೇ ದಾರಿ ಎಂದು ವಿವರಿಸಿದಳು. ಇಲಾಸ್ಟಿಕ್ ತೆಗೆದು, ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಸಾದಾ ಹಸಿರಿನ ಪಟ್ಟಿ ಕೊಡುವುದು, ಎಡಗಡೆ ಎರಡೂವರೆ ಇಂಚು, ಬಲಗಡೆಗೆ ಬರುವಾಗ ಒಂದೂವರೆ, ಅದರಲ್ಲಿ ಅರ್ಧ ಇಂಚು ಹೊಲಿಗೆಯೊಳಗೆ ಹೋಗುತ್ತದೆ.

"ಪಟ್ಟಿ ಓರೆಯಾಗಿ ಕಾಣಲ್ವಾ?"

"ಕಾಣುತ್ತೆ. ಅದಕ್ಕೆ ಮೇಲೆ ಅಗಲವಾದ ನಡುಕಟ್ಟು. ಕೆನೆಬಣ್ಣದ್ದು, ಹೂವಿನ ಬಣ್ಣವೇ. ಗಂಟು ಪಕ್ಕಕ್ಕೆ ಬರಲಿ. ಕೊರಳಿಗೆ ಏನೂ ಬೇಡ, ಕಿವಿಗೆ ಮುತ್ತು ಇದ್ರೆ ಸಾಕು. ಕೂದಲು ಹೀಗೇ ಇರ್ಲಿ."

ಅವಳು ಮಂಡಿಯೂರಿ ಬೂಟಿನ ಸುತ್ತಲೂ ಅಳೆದಳು. ತುಟಿಯಲ್ಲಿ ಪಿನ್ನಿಟ್ಟುಕೊಳ್ಳದೆ ಒಂದೊಂದನ್ನೇ ಡಬ್ಬಿಯಿಂದ ತೆಗೆದು ಚುಚ್ಚಿದಳು. ಸೊಂಟದ ಹೊಲಿಗೆ ಬಿಚ್ಚಿ, ಪಟ್ಟಿಯನ್ನು ಸದ್ಯಕ್ಕೆ ಪಿನ್ನಿನಲ್ಲೇ ಕೂರಿಸಿ, ನಡುಕಟ್ಟು ಸುತ್ತಿದಾಗ ಅಂಚು ನೆಲಕ್ಕೆ ಸಮವಾಗಿ ಬಂತು. ಬೂಟು ಕಾಣಲಿಲ್ಲ. ಹೆಂಗಸು ಮೊದಲ ಸಲ ಕನ್ನಡಿಯಲ್ಲಿ ಕೆಳಗಿನ ತನಕ ನೋಡಿಕೊಂಡಳು, ಅವಳ ಮುಖ ಬಿಚ್ಚಿಕೊಂಡಿತು.

ಪಿನ್ನಕ್ಕನಿಗೆ ಅಲ್ಲಿಗೇ ಬಿಟ್ಟುಬಿಡಬೇಕು ಎನಿಸಿತು. ಎಷ್ಟು ಚೆನ್ನಾಗಿ ಕಾಣುತ್ತಿದ್ದಾಳೆ. ಎಷ್ಟು ದಿನದ ಮೇಲೆ ತನಗೂ ಉಸಿರಾಡಲು ಆಗುತ್ತಿದೆ. ಆದರೆ ವೇದಿಕೆಗೆ ಮೆಟ್ಟಿಲಿರುತ್ತದೆ. ನೆಲ ಮುಟ್ಟುವ ಡ್ರೆಸ್ಸು ಹಾಕಿಕೊಂಡು ಯಾರೂ ಮೆಟ್ಟಿಲನ್ನು ಹಾಗೇ ಹತ್ತಲಾರರು. ಇಪ್ಪತ್ತೆರಡು ವರ್ಷದಿಂದ ಇದನ್ನು ಬಲ್ಲವಳು ಅಂಗಡಿಯಲ್ಲಿ ತಾನೊಬ್ಬಳೇ.

"ಇನ್ನೊಂದು ಮಾತು ಹೇಳ್ಬೇಕು," ಎಂದಳು, ನೆಲದ ಮೇಲೆ ಕೂತೇ. "ಎಷ್ಟು ಮೆಟ್ಟಿಲು?"

"ನಾಲ್ಕು."

"ಹತ್ತುವಾಗ ಮುಂದೆ ಎತ್ತಿ ಹಿಡೀಲೇಬೇಕು. ಇಲ್ದಿದ್ರೆ ಕಾಲಿಗೆ ಸಿಕ್ಕಿ ಬೀಳ್ತೀರಿ. ಎತ್ತಿದ್ರೆ ಬೂಟು ಕಾಣುತ್ತೆ. ಹತ್ತುವಾಗ ನಾಲ್ಕು ಸಲ, ಇಳಿಯುವಾಗ ನಾಲ್ಕು ಸಲ. ಅದಕ್ಕೆ ನನ್ನ ಹತ್ರ ಯಾವ ಹೊಲಿಗೆಯೂ ಇಲ್ಲ."

ಮುಖ ಮತ್ತೆ ಮುಚ್ಚಿಕೊಳ್ಳುವುದನ್ನು ಪಿನ್ನಕ್ಕ ನೋಡಿದಳು. ಈ ಸಲ ಕಣ್ಣು ತಪ್ಪಿಸಲಿಲ್ಲ. ಹೆಂಗಸು ಕನ್ನಡಿಯಿಂದ ತಿರುಗಿ, ಗೋಡೆಯ ಪಕ್ಕ ಇದ್ದ ಸ್ಟೂಲಿನ ಕಡೆ ನೋಡಿದಳು.

"ಆ ಸ್ಟೂಲು ತನ್ನಿ," ಎಂದಳು.

ಮೇಲಿನ ಅಟ್ಟಣಿಗೆಗೆ ಹತ್ತುವ ಎರಡು ಮೆಟ್ಟಿಲಿನ ಮರದ ಸ್ಟೂಲು ಅದು. ಪಿನ್ನಕ್ಕ ತಂದಿಟ್ಟು, ಅಲುಗದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡಳು. ಹೆಂಗಸು ಬಲಗೈಯಲ್ಲಿ ಬಟ್ಟೆ ಹಿಡಿದಳು, ಬಿಟ್ಟಳು, ಎಡಗೈಯಲ್ಲಿ ಹಿಡಿದಳು. ಎಡಗಾಲನ್ನೇ ಮೊದಲು ಇಟ್ಟಳು. ದಪ್ಪ ಅಟ್ಟೆಯ ಬೂಟು ಪಿನ್ನಕ್ಕನ ಮುಖದ ಎದುರಿಗೇ ಬಂದು ಕೂತಿತು. ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಮೂರನೆಯ ಸಲ ಮೇಲೆ ನಿಂತು ಕೆಳಗೆ ಬಗ್ಗಿ ನೋಡಿದಳು.

"ಪಾಲಿಶ್ ಮಾಡಿಸಿದ್ರೆ ಆಗುತ್ತಾ?"

ಪಿನ್ನಕ್ಕ ಬೂಟನ್ನು ನೋಡಿದಳು. ನೋಡಬೇಕಾದಷ್ಟು ಹೊತ್ತು ನೋಡಿದಳು.

"ತುದೀಲಿ ಚರ್ಮ ಎದ್ದಿದೆ," ಎಂದಳು. "ಬರೀ ಪಾಲಿಶ್ ಸಾಲಲ್ಲ."