ಎಣ್ಣೆ ಬೆಚ್ಚಗಾಗಲಿ

ಮೂಕಾಂಬಿಕಾ ಮುಂದಿನ ಗೇಟಿನ ಬೀಗಕ್ಕೆ ಕೀಲಿಕೈ ಹಾಕುವಷ್ಟರಲ್ಲಿ ವರ್ಧಮಾನರು ಅಂಗಳ ದಾಟಿ ಬಂದರು.

“ಅದನ್ನು ಯಾಕೆ ತೆಗೆಯುವುದು?”

“ಐತಪ್ಪಣ್ಣನನ್ನು ಈ ದಾರಿಯಲ್ಲಿ ಕೊಂಡುಹೋಗುವ, ದನಿಗಳೇ. ಊರಿಗೆಲ್ಲ ಈ ಗೇಟು ತೆಗೆದುಕೊಟ್ಟವರು. ಒಂದು ಸಲ ಅವರಿಗೂ ತೆಗೆಯುವ.”

ಪುಂಜಾಲಕಟ್ಟೆಯ ಆ ಕಲ್ಯಾಣಮಂಟಪ ವರ್ಧಮಾನರದು. ಧನುರ್ಮಾಸದಲ್ಲಿ ಮದುವೆಗಳಿಲ್ಲದ ಕಾರಣ ಮಂಟಪ ಮುಚ್ಚಿತ್ತು. ಹಿಂದಿನ ಕೋಣೆಯಲ್ಲಿದ್ದ ಕಾವಲಿನ ಐತಪ್ಪ ರಾತ್ರಿ ಮಲಗಿದವನು ಎದ್ದಿರಲಿಲ್ಲ. ಬೆಳಿಗ್ಗೆ ಗುಡಿಸಲು ಬಂದ ಮೂಕಾಂಬಿಕಾ ಅವನ ಪಾದ ಮುಟ್ಟಿ ನೋಡಿದ್ದಳು. ಮಂಜಿನಲ್ಲಿ ಬಿದ್ದ ಕಲ್ಲಿನ ಹಾಗಿತ್ತು.

“ನನಗೂ ಬೇಸರ ಉಂಟು,” ವರ್ಧಮಾನರ ಧ್ವನಿ ತಗ್ಗಿತು. “ಆದರೆ ಸಂಕ್ರಾಂತಿ ಕಳೆದ ಕೂಡಲೇ ಮದುವೆ ಉಂಟು. ಮದುಮಗಳು ಬರುವ ದಾರಿಯಲ್ಲಿ ಹೆಣ ಹೋಯಿತು ಅಂತ ಗೊತ್ತಾದರೆ ಪಾರ್ಟಿಯವರು ಬರ್ತಾರಾ? ಹಿಂದಿನ ಓಣಿಯಲ್ಲಿ ಹೋಗುವ.”

“ಹೆಣ ಅಲ್ಲ ದನಿಗಳೇ. ಐತಪ್ಪಣ್ಣ.”

ವರ್ಧಮಾನರು ಕೈ ಚಾಚಿದರು. ಅವಳು ಕೀಲಿಕೈ ಕೊಟ್ಟಳು.

ಮಂಟಪದ ಹಿಂದೆ ಚಟ್ಟ ಕಟ್ಟುತ್ತಿದ್ದರು. ಬೆಂಕಿ ಕೊಡಲು ಬೆಳ್ತಂಗಡಿಯಿಂದ ಬಂದ ಐತಪ್ಪನ ತಂಗಿಯ ಮಗ ರವಿಶಂಕರ್, ಯಾರದೋ ಮನೆಗೆ ತಪ್ಪಿ ಬಂದವನಂತೆ ಮೂಲೆಯಲ್ಲಿ ನಿಂತಿದ್ದ. “ಮಾವನ ಹತ್ತಿರ ನಾನು ಸರಿಯಾಗಿ ಮಾತಾಡಿದ್ದೇ ಇಲ್ಲ,” ಎಂದ. “ಮದುವೆ ಯಾಕೆ ಆಗಲಿಲ್ಲ ಅವರು?”

“ಪುರುಸೊತ್ತೆಲ್ಲಿ? ಊರಿನವರದ್ದೇ ಮುಗೀಲಿಲ್ಲ,” ಎಂದರು ಬಿದಿರು ಕಟ್ಟುತ್ತಿದ್ದ ಅಡುಗೆಯ ಅಶೋಕಣ್ಣ. ಯಾರೋ ನಗಲು ಹೋಗಿ ಕೆಮ್ಮಿದರು.

*

ಮಂಟಪಕ್ಕೆ ಏಸಿ ಬಂದ ಮೊದಲ ವರ್ಷ ಧನುರ್ಮಾಸ ಹಿಡಿದಾಗ ಐತಪ್ಪ ಹಿಂದಿನ ಓಣಿಯಲ್ಲಿದ್ದ ಅದರ ಕಂಪ್ರೆಸರ್‌ಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹಗ್ಗ ಬಿಗಿದು ಕಟ್ಟಿದ್ದ. ಮಳೆಗಾಲಕ್ಕೆ ಮೊದಲು ಒಣಮೀನು ಕಟ್ಟಿಡುವ ಹಾಗೆ. ಧನುರ್ಮಾಸ ಕಳೆದು ಮೊದಲ ಮದುವೆಯ ದಿನ ಬಿಚ್ಚಿದರೆ ಒಳಗೆ ಇಲಿಯ ಸಂಸಾರ. ಒಂದು ಕಂಪ್ರೆಸರ್ ಹಿಡಿದೇ ಹೋಗಿತ್ತು. ಮದುಮಗಳ ಪೌಡರು ಇಳಿಯಿತು, ಐತಪ್ಪನ ಮೇಲೆ ಬೈಗಳು ಸುರಿಯಿತು.

ರಿಪೇರಿಗೆ ಬಂದವನು ಕಲ್ಲಡ್ಕದ ನಿಝಾಮ್. “ತಲೆಗೆ ಮಾತ್ರ ಟೊಪ್ಪಿ ಹಾಕಿ ಐತಪ್ಪಣ್ಣ. ಬದಿ ಬಿಡಿ. ಅದಕ್ಕೂ ಉಸಿರು ಬೇಡವಾ ಮಾರಾಯ್ರೆ? ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಿ. ಹಿಂದಿನ ಸಂಜೆಯೇ ಟೊಪ್ಪಿ ತೆಗೆದು ಮೇನ್ ಸ್ವಿಚ್ ಹಾಕಿಡಿ. ರಾತ್ರಿಯಿಡೀ ಒಳಗಿನ ಎಣ್ಣೆ ಬೆಚ್ಚಗಾಗಲಿ. ತಣ್ಣಗಿದ್ದದ್ದನ್ನು ಒಮ್ಮೆಲೇ ಎಬ್ಬಿಸಬಾರದು.”

ಐತಪ್ಪ ಮಂಟಪದ ಹಳೆಯ ಪರದೆಗಳನ್ನು ಕತ್ತರಿಸಿ ಟೊಪ್ಪಿ ಹೊಲಿದ. ಕೆಂಪು ಸ್ಯಾಟಿನ್, ಅಂಚಿಗೆ ಜರಿ.

“ನಿಮ್ಮ ಹೆಂಡತಿಯರಿಗೆ ಮುಸುಕು ಹಾಕಿ ಆಯ್ತಾ?” ಎಂದು ಅಶೋಕಣ್ಣ ಕೆಣಕಿದರೆ, “ಒಬ್ಬಳೂ ಎದುರು ಮಾತಾಡುವುದಿಲ್ಲ ಮಾರಾಯ,” ಎನ್ನುತ್ತಿದ್ದ.

ಏಸಿ ಓಡುವ ದಿನ ಅವನು ಖಾಲಿ ಮಂಟಪದ ನಡುವೆ ಕುರ್ಚಿ ಹಾಕಿ, ಶಾಲು ಹೊದ್ದು ಕೂರುತ್ತಿದ್ದ. ಒಮ್ಮೆ ಮೂಕಾಂಬಿಕಾ ಬಾಗಿಲಲ್ಲಿ ನಿಂತು ಕೇಳಿದಳು, “ಈ ತಂಪು ಯಾರಿಗೆ?”

“ಯಾರಿಗೂ ಅಲ್ಲ. ಓಡಿಸದಿದ್ದರೆ ಹಿಡೀತದೆ.” ಶಾಲು ಸರಿಮಾಡಿಕೊಂಡು, “ಬಂದು ಕೂತ್ಕೊಳ್ಳಿ,” ಎಂದ.

ಅವಳ ಗಂಡ ತೀರಿಕೊಂಡು ಆಗ ಬಹಳ ವರ್ಷವಾಗಿತ್ತು. ನಡುವೆ ಒಂದು ಕುರ್ಚಿಯಷ್ಟು ಜಾಗ ಬಿಟ್ಟು ಕೂತಳು. ಇಬ್ಬರೂ ಖಾಲಿ ವೇದಿಕೆಯನ್ನೇ ನೋಡುತ್ತಿದ್ದರು. ಮುಂದಿನ ವಾರಗಳಲ್ಲೂ ಅವಳು ಬಂದಳು. ನಡುವಿನ ಜಾಗ ಹಾಗೆಯೇ ಇತ್ತು.

*

ಸಾವಿನ ಸುದ್ದಿ ಕೇಳಿ ನಿಝಾಮ್ ಸ್ಕೂಟರ್ ನಿಲ್ಲಿಸಿ ಓಣಿಗೆ ಬಂದವನು ಗಕ್ಕನೆ ನಿಂತ. ಟೊಪ್ಪಿಗಳು ಕಂಪ್ರೆಸರ್‌ಗಳ ಮೇಲಿರಲಿಲ್ಲ. ಮಡಚಿ, ಜಗಲಿಯ ಮೇಲೆ ಒಂದರ ಮೇಲೊಂದು ಇಟ್ಟಿದ್ದವು. ಅವನು ಕುಕ್ಕರುಗಾಲಲ್ಲಿ ಕೂತು ಒಂದರ ಜಾಲರಿಯೊಳಗೆ ಕೈ ತೂರಿಸಿದ.

“ಅಕ್ಕಾ, ಇಲ್ಲೊಮ್ಮೆ ಮುಟ್ಟಿ.”

ಮೂಕಾಂಬಿಕಾ ಮುಟ್ಟಿದಳು. ಹಾಲು ಕುಡಿದು ಮಲಗಿದ ಮಗುವಿನ ಹೊಟ್ಟೆಯ ಹಾಗೆ ಬೆಚ್ಚಗಿತ್ತು.

“ನಿನ್ನೆ ಸಂಜೆ ಮೇನ್ ಹಾಕಿಯೇ ಮಲಗಿದ್ದಾರೆ,” ಎಂದ ನಿಝಾಮ್. “ಇವತ್ತು ಓಡಿಸುವ ದಿನ.”

ಬೆಳಿಗ್ಗೆ ಪಾದ ಮುಟ್ಟಿದ್ದು ಅದೇ ಕೈ. ಅವಳು ಸೀದಾ ವರ್ಧಮಾನರ ಬಳಿಗೆ ಹೋದಳು.

“ದನಿಗಳೇ, ಗೇಟು ಬೇಡ. ಮಂಟಪದ ಕೀಲಿಕೈ ಕೊಡಿ. ಏಸಿ ಓಡಿಸಬೇಕು.”

“ಇವತ್ತಾ? ಸಾವು ಆದ ದಿನ?”

“ಅವರು ಎಲ್ಲಾ ತಯಾರು ಮಾಡಿ ಹೋಗಿದ್ದಾರೆ.”

ವರ್ಧಮಾನರು ಚಟ್ಟದ ಕಡೆ ನೋಡಿದರು. ಜೇಬಿನಿಂದ ಗೊಂಚಲು ತೆಗೆದು, ಒಂದನ್ನು ಬಿಡಿಸಲು ಹೋಗಿ, ಇಡೀ ಗೊಂಚಲನ್ನೇ ಅವಳ ಕೈಗಿಟ್ಟರು. “ಆಮೇಲೆ ನೀರು ಹಾಕಿ ತೊಳೆದುಬಿಡು,” ಎಂದರು, ಬೇರೆ ಕಡೆ ತಿರುಗಿ.

ಅವಳು ಒಳಗೆ ಸ್ವಿಚ್ ಹಾಕಿ ಹಿಂದಿನ ಕಿಟಕಿಗೆ ಬಂದಳು. ಓಣಿಯಲ್ಲಿ ಕಂಪ್ರೆಸರ್‌ಗಳು ಒಂದೊಂದಾಗಿ ಗುಂಯ್‌ಗುಟ್ಟಿದವು. ರವಿಶಂಕರ್ ಮುಂದೆ, ಚಟ್ಟ ಹಿಂದೆ. ಹೊತ್ತವರ ಒದ್ದೆ ಕಾಲಿಗೆ ಬಿಸಿಗಾಳಿ ಬಡಿಯಿತು. ಐತಪ್ಪನ ಬಿಳಿ ಬಟ್ಟೆಯ ಅಂಚು ಒಮ್ಮೆ ಎದ್ದಿತು, ಇಳಿಯಿತು. ಓಣಿಯ ತಿರುವು ದಾಟಿದ ಮೇಲೆ ಯಾರೂ ಕಾಣಲಿಲ್ಲ. ಹೆಂಗಸರು ಸ್ಮಶಾನಕ್ಕೆ ಹೋಗುವ ಕ್ರಮವಿಲ್ಲ.

ಅವಳು ತಿರುಗಿದಳು. ಮಂಟಪದ ನಡುವೆ ಅವನ ಕುರ್ಚಿ ಆಗಲೇ ಹಾಕಿತ್ತು, ಬೆನ್ನಿಗೆ ಶಾಲು. ಸ್ವಲ್ಪ ದೂರದಲ್ಲಿ ಇನ್ನೊಂದು ಕುರ್ಚಿ. ನಡುವೆ ಅದೇ ಜಾಗ.

ಮೂಕಾಂಬಿಕಾ ತನ್ನ ಕುರ್ಚಿಯನ್ನು ಎಳೆದಳು. ಖಾಲಿ ಮಂಟಪದಲ್ಲಿ ಕಾಲುಗಳು ಕಿರ್ರೆಂದವು. ಎರಡೂ ಕುರ್ಚಿಗಳ ತೋಳು ತಾಗುವವರೆಗೆ ಎಳೆದು, ವೇದಿಕೆಯ ಕಡೆ ಮುಖ ಮಾಡಿ ಕೂತಳು. ಮೇಲಿನಿಂದ ತಂಪು ಇಳಿಯತೊಡಗಿತು. ಶಾಲಿನ ಒಂದು ತುದಿ ಜಾರಿ ಅವಳ ಮೊಣಕೈ ಮೇಲೆ ಬಿತ್ತು.