ಎರಡನೇ ಸಾಕ್ಷಿ

ಚಳಿ ಹಿಂದೆ ಸರಿದು ಮಣ್ಣು ಗಟ್ಟಿಯಾಗುವ ಮೊದಲೇ ಆಲೂಗಡ್ಡೆ ಅಗೆದು ಮುಗಿಸಬೇಕು. ಅತ್ತೆಯ ಹೊಲದಲ್ಲಿ ಅವನು ಏಳನೇ ಸಾಲಿನಲ್ಲಿದ್ದ. ಗುದ್ದಲಿಯನ್ನು ಬುಡಕ್ಕೆ ಹಾಕದೆ ಒಂದು ಗೇಣು ಆಚೆ ಹಾಕಿ ಮಣ್ಣನ್ನು ಮೆಲ್ಲಗೆ ಮಗುಚುತ್ತಿದ್ದ. ಏಟು ಬಿದ್ದ ಗಡ್ಡೆ ಚೀಲದೊಳಗೆ ತಾನೊಂದೇ ಕೊಳೆಯುವುದಿಲ್ಲ. ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿದ್ದರೂ ಅವನ ಕೆಲಸ, ಮಧ್ಯಾಹ್ನದ ಊಟ ಎರಡೂ ಅತ್ತೆಯ ಮನೆಯಲ್ಲೇ ನಡೆದಿದ್ದವು. ಬನ್ನಿ ಎಂದು ಯಾರೂ ಕರೆದಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ.

ಬಾಮೈದ ಬಂದು ಬದುವಿನ ಮೇಲೆ ನಿಂತ. ಒಗೆದ ಅಂಗಿ ಹಾಕಿದ್ದ.

“ಭಾವ, ಕೈ ತೊಳ್ಕೊಳ್ಳಿ. ರಿಜಿಸ್ಟ್ರಿ ಆಫೀಸಿಗೆ ಹೋಗ್ಬೇಕು. ಅಮ್ಮ ಹೊಲ ನನ್ನ ಹೆಸರಿಗೆ ಬರೀತಾಳೆ. ಸೋಮವಾರ ಅವಳಿಗೆ ಆಪರೇಷನ್, ಅಷ್ಟರೊಳಗೆ ಆಗ್ಬೇಕು.”

“ಬರೀಲಿ. ಅದಕ್ಕೆ ನಾನ್ಯಾಕೆ?”

“ಇಬ್ಬರು ಸಾಕ್ಷಿ ಬೇಕಂತೆ. ರಕ್ತದಿಂದಾಗ್ಲಿ ಮದುವೆಯಿಂದಾಗ್ಲಿ ನೆಂಟರಾಗಿರ್ಬಾರ್ದು ಅಂತಾರೆ ಅಲ್ಲಿನ ಗುಮಾಸ್ತರು. ಮೇಷ್ಟ್ರು ಒಬ್ರು ಸಿಕ್ಕಿದಾರೆ. ಇನ್ನೊಬ್ಬರಿಗೆ ಎಲ್ಲಿ ಹೋಗ್ಲಿ? ಈ ಊರಲ್ಲಿ ಕಲ್ಲೆಸೆದ್ರೆ ಒಂದೋ ಬೀಗರ ತಲೆಗೆ ಬೀಳುತ್ತೆ, ಇಲ್ಲ ಷಡ್ಡಕನ ತಲೆಗೆ.”

“ನಾನು ಅಳಿಯ ಅಲ್ವೇನೋ?”

ಬಾಮೈದ ಒಂದು ಹೆಂಟೆಯನ್ನು ಚಪ್ಪಲಿಯಿಂದ ಪುಡಿಮಾಡಿದ. “ಗುಮಾಸ್ತರನ್ನ ಕೇಳ್ದೆ. ಅಕ್ಕ ಹೋಗಿದಾಳೆ, ಮಕ್ಕಳೂ ಇಲ್ಲ. ಕಾಗದದ ಪ್ರಕಾರ ನೀವೀಗ ನಮಗೆ ಏನೂ ಆಗಲ್ವಂತೆ, ಭಾವ.”

ಜೋಮು ಹಿಡಿದ ಕಾಲನ್ನು ಯಾರೋ ಚಿವುಟಿದ ಹಾಗಾಯಿತು ಅವನಿಗೆ. ಚಿವುಟಿದ್ದು ಕಂಡಿತು, ನೋವು ಬರಲಿಲ್ಲ. ಒಲ್ಲೆ ಎಂದರೆ, ಆಪರೇಷನ್ನಿನಲ್ಲಿ ಅತ್ತೆಗೆ ಏನಾದರೂ ಆದರೆ ಹೊಲ ದಾಯಾದಿಗಳ ಬಾಯಿಗೆ ಬೀಳಬಹುದು. ಒಪ್ಪಿದರೆ, ಏನೂ ಅಲ್ಲ ಎಂಬುದನ್ನು ತಾನೇ ಬಾಯಿಬಿಟ್ಟು ಹೇಳಬೇಕು. ಅವನು ಗುದ್ದಲಿಯ ಮಣ್ಣು ಕೆರೆದು ಬದಿಗಿಟ್ಟ.

ಆಫೀಸಿನಲ್ಲಿ ಅತ್ತೆ ಬೆಂಚಿನ ತುದಿಗೆ ಕೂತು, ತಿರುಗದ ಫ್ಯಾನನ್ನು ನೋಡುತ್ತಿದ್ದರು. ಮೇಷ್ಟ್ರು ಸಹಿ ಹಾಕಿ ಆಗಲೇ ಹೊರಟುಹೋಗಿದ್ದರು. ಗುಮಾಸ್ತ ಕನ್ನಡಕದ ಮೇಲಿಂದ ಅವನನ್ನು ನೋಡಿದ.

“ಈಕೆ ನಿಮಗೆ ಏನಾಗ್ಬೇಕು?”

“ಅತ್...”

ಬಾಮೈದ ಕೆಮ್ಮಿದ.

“ಏನೂ ಆಗಲ್ಲ.”

“ಗುರುತು ಇದೆಯಾ?”

“ಇದೆ.”

“ಹಾಗಾದ್ರೆ ಹೆಸರು ಹೇಳಿ. ಸಾಕ್ಷಿ ಬಾಯಿಂದ ಬರ್ಬೇಕು.”

ಹದಿನೆಂಟು ವರ್ಷದಲ್ಲಿ ಅವನು ಆ ಹೆಸರನ್ನು ಒಮ್ಮೆಯೂ ಎತ್ತಿರಲಿಲ್ಲ. ಅತ್ತೆ ಎಂದರೆ ಸಾಕಿತ್ತು. ಈಗ ಹೇಳಿದ. ಬರೀ ಹೆಸರು, ಅದರ ಹಿಂದೆ ಅಮ್ಮ ಎಂದಿಲ್ಲ, ಅವರು ಎಂದಿಲ್ಲ. ಬೇಲಿಯಾಚೆಯ ಯಾರನ್ನೋ ಕರೆದಂತೆ. ಅತ್ತೆಯ ಕಣ್ಣು ಫ್ಯಾನಿನಿಂದ ಇಳಿದು ಅವನ ಮೇಲೆ ನಿಂತಿತು.

ಗುಮಾಸ್ತ ತೋರಿಸಿದಲ್ಲೆಲ್ಲ ಅವನು ಸಹಿ ಹಾಕಿದ.

“ನಾಳೆ ಯಾರಾದ್ರೂ ತಕರಾರು ತೆಗೆದ್ರೆ ನಿಮ್ಮನ್ನ ಕರೀತೀವಿ,” ಎಂದ ಗುಮಾಸ್ತ. “ಆಗ್ಲೂ ಇದನ್ನೇ ಹೇಳ್ಬೇಕು. ಮಾತು ಬದಲಾಯಿಸ್ಬಾರ್ದು.”

“ಇದನ್ನೇ ಹೇಳ್ತೀನಿ.”

ಬಾಮೈದ ನಕಲು ತರಲು ಹೋದ. ಬಸ್ ನಿಲ್ದಾಣದ ಕಲ್ಲಿನ ಮೇಲೆ ಅವನೂ ಅತ್ತೆಯೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಅತ್ತೆ ಹೆಬ್ಬೆರಳಿನ ಶಾಯಿಯನ್ನು ಚೀಲದ ಅಂಚಿಗೆ ಒರೆಸುತ್ತಿದ್ದರು. ಅದು ಹೋಗುತ್ತಿರಲಿಲ್ಲ.

“ನನ್ನ ಹೆಸರು ನಿಮಗೆ ಗೊತ್ತಿತ್ತಾ, ಅಳಿಯಂದ್ರೇ?”

“ಗೊತ್ತಿತ್ತು.”

“ಚೆನ್ನಾಗಿ ಹೇಳಿದ್ರಿ. ಒಂಚೂರೂ ತೊದಲಲಿಲ್ಲ.”

ಅವನು ತನ್ನ ಪಾದ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಹೊಲದ ಮಣ್ಣು ಒಣಗಿತ್ತು. “ಅವಳು ಹಾಸಿಗೆ ಹಿಡಿದ ಎಂಟು ತಿಂಗಳು ನೀವೇ ಎತ್ತಿ ಇಳಿಸಿ ನೋಡ್ಕೊಂಡ್ರಿ. ಅದಕ್ಕೆ ನಾನೇನೂ ಕೊಟ್ಟಿರ್ಲಿಲ್ಲ. ಇದನ್ನ ಅದಕ್ಕೆ ಇಟ್ಕೊಳ್ಳಿ.”

“ನಾನು ನೋಡ್ಕೊಂಡಿದ್ದು ನನ್ನ ಮಗಳನ್ನ. ನಿಮ್ಮ ಮೇಲೆ ಅದರ ಸಾಲ ಇರ್ಲಿಲ್ಲ.” ಅತ್ತೆ ಬೆರಳನ್ನು ಮಡಿಸಿಟ್ಟುಕೊಂಡರು. “ಇದ್ದಿದ್ರೂ ಇನ್ನು ನಾನು ಕೇಳೋ ಹಾಗಿಲ್ವಲ್ಲ.”

“ಹೌದು,” ಎಂದ.

ಬಸ್ಸು ಬಂತು. ಮಗ ಓಡಿಬಂದು ತಾಯಿಯ ತೋಳು ಹಿಡಿದು ಹತ್ತಿಸಿ, ಪಕ್ಕದಲ್ಲಿ ಕೂತು ಎರಡು ಟಿಕೆಟ್ ಕೇಳಿದ. ಭಾವನ ನೆನಪಾಗಿ ಹಿಂದೆ ತಿರುಗುವಷ್ಟರಲ್ಲಿ, ಅವನು ಹಿಂದಿನ ಸೀಟಿನಲ್ಲಿ ಕೂತು ತನ್ನದನ್ನು ತಾನೇ ತೆಗೆದುಕೊಂಡಿದ್ದ.